ಗುರು ಇಲ್ಲದ ಗುಂಪಿನಲ್ಲಿ ‘ಸಾಕು’ ಅನ್ನುವವರು ಯಾರು?

ಪ್ರಶ್ನೆ: ನಾವು ಆರು ಜನ ಗೆಳೆಯರು ವಾರಕ್ಕೆ ಎರಡು ಸಲ ಸೇರಿ ಅಭ್ಯಾಸ ಮಾಡುತ್ತೇವೆ. ಇಬ್ಬರು ಕರಾಟೆ ಕಲಿತವರು, ಒಬ್ಬ ಜೂಡೊ, ಒಬ್ಬಳು ಬಾಕ್ಸಿಂಗ್. ಇನ್ನಿಬ್ಬರು ಹೊಸಬರು. ಗುರುಗಳು ಅಂತ ಯಾರೂ ಇಲ್ಲ. ಮೊದಲೆರಡು ತಿಂಗಳು ಚೆನ್ನಾಗಿತ್ತು. ಈಗೀಗ ಸ್ಪಾರಿಂಗ್, ಅಂದರೆ ಇಬ್ಬರು ಎದುರಾಗಿ ಆಡುವ ಅಭ್ಯಾಸದ ಕಾಳಗ, ಮೆಲ್ಲಗೆ ಶುರುವಾದರೂ ಜಗಳದ ಹಾಗೆ ಮುಗಿಯುತ್ತಿದೆ. ಕೇಳಿದರೆ ಇಬ್ಬರೂ ‘ಅವನೇ ಮೊದಲು ಜೋರಾಗಿ ಹೊಡೆದದ್ದು’ ಅಂತಾರೆ. ಹೊಸಬರಲ್ಲಿ ಒಬ್ಬರು ಬರುವುದನ್ನೇ ಬಿಟ್ಟರು. ಏನು ಮಾಡೋದು?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಷ್ಟ ಇರುವುದೇ ಅಲ್ಲಿ.

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಯೋಗದ ವರದಿ ಬಂತು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರ ಬೆರಳನ್ನು ಇನ್ನೊಬ್ಬರು ಸರದಿಯ ಮೇಲೆ ಒತ್ತಬೇಕು ಅಂದರು. ನಿಯಮ ಒಂದೇ: ನಿಮ್ಮ ಬೆರಳಿಗೆ ಎಷ್ಟು ಒತ್ತಡ ಬಿತ್ತೋ ಅಷ್ಟೇ ವಾಪಸ್ ಕೊಡಿ. ಒಬ್ಬರಿಗೆ ಏನು ಹೇಳಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒತ್ತಡ ಪ್ರತಿ ಸರದಿಗೂ ಸರಾಸರಿ ಶೇ 38ರಷ್ಟು ಏರುತ್ತಾ ಹೋಯಿತು. ಲೆಕ್ಕ ಹಾಕಿ ನೋಡಿ. ನಾಲ್ಕು ಸರದಿ ಆಗುವಷ್ಟರಲ್ಲಿ ಮೂರೂವರೆ ಪಟ್ಟು! ಕಾರಣ ಸರಳ. ನಮ್ಮ ಕೈ ಮಾಡುವ ಕೆಲಸವನ್ನು ಮೆದುಳು ಮೊದಲೇ ಊಹಿಸಿ, ಅದರ ಅನುಭವವನ್ನು ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ವಾ? ಅದೇ ಲೆಕ್ಕ. ಕೊಟ್ಟ ಏಟು ಹಗುರ ಅನ್ನಿಸುತ್ತದೆ, ತಿಂದ ಏಟು ಪೂರ್ತಿ ತಾಗುತ್ತದೆ.

ಅದು ಸುಮ್ನೆ ಕೂತು ಬೆರಳು ಒತ್ತಿದ ಕತೆ. ಗ್ಲೌಸ್ ಹಾಕಿಕೊಂಡು ಮೂಗಿಗೆ ಒಂದು ಬಿದ್ದಾಗ, ಸುತ್ತ ನಾಲ್ಕು ಜನ ನೋಡುತ್ತಿರುವಾಗ, ‘ಮೆಲ್ಲಗೆ ಆಡೋಣ’ ಅನ್ನುವ ಒಪ್ಪಂದ ಎಷ್ಟು ಹೊತ್ತು ಉಳಿದೀತು?

ಅದಕ್ಕೇ ಹೊರಗಿನ ಒಂದು ಕಣ್ಣು ಬೇಕು. ಗುರು ಇಲ್ಲದಿದ್ದರೆ ಬೇಡ, ಸೀಟಿ ಹಿಡಿಯುವವರು ಇರಲಿ. ಪ್ರತಿ ಸಲ ಒಬ್ಬರು ಸ್ಪಾರಿಂಗ್ ಬಿಟ್ಟು ಟೈಮರ್ ಮತ್ತು ಸೀಟಿ ಹಿಡಿದು ನಿಲ್ಲಬೇಕು. ಮುಂದಿನ ಸಲ ಇನ್ನೊಬ್ಬರು. ಹೊಸಬರಿಗೂ ಸರದಿ ಬರಲಿ. ಸೀಟಿ ಊದಿದ ಮೇಲೆ ವಾದ ಇಲ್ಲ, ಎಷ್ಟೇ ಹಳಬರಾಗಿದ್ದರೂ ಕೈ ಕೆಳಗೆ. ಬಾಕ್ಸಿಂಗ್‌ನ ಮೂರು ನಿಮಿಷದ ಸುತ್ತು ನಿಮಗೆ ಜಾಸ್ತಿ ಆಯಿತು, ಎರಡು ಸಾಕು.

ಸೀಟಿಯವರು ನೋಡಬೇಕಾದ್ದು ಗುದ್ದನ್ನಲ್ಲ, ಅದಕ್ಕಿಂತ ಮುಂಚಿನದನ್ನು. ಹೆಗಲು ಕಿವಿಯ ಹತ್ತಿರ ಏರಿದೆಯೇ? ಉಸಿರು ಹಿಡಿದಿದ್ದಾರೆಯೇ? ಕುಣಿಯುತ್ತಿದ್ದ ಕಾಲು ನೆಲಕ್ಕೆ ಅಂಟಿಕೊಂಡಿದೆಯೇ? ಮಾತು, ನಗು ನಿಂತಿದೆಯೇ? ಇದರಲ್ಲಿ ಎರಡು ಕಂಡರೆ ಸೀಟಿ ಊದಿ. ಏಟು ಬೀಳುವವರೆಗೆ ಕಾಯಬೇಡಿ.

ಸುತ್ತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: ಹತ್ತರಲ್ಲಿ ಎಷ್ಟು ಜೋರಿತ್ತು? ಉತ್ತರ ಕೊಡಬೇಕಾದವರು ಏಟು ತಿಂದವರು, ಕೊಟ್ಟವರಲ್ಲ. ನಾನು ಆಡುತ್ತಿದ್ದ ಗುಂಪಿನಲ್ಲಿ ಇದನ್ನು ಶುರು ಮಾಡಿದ ದಿನ, ನನ್ನ ಮನಸ್ಸಿನ ಲೆಕ್ಕದಲ್ಲಿ ನಾನು ಮೂರರಲ್ಲಿದ್ದೆ. ಎದುರಿಗಿದ್ದವನು ಮೌತ್‌ಗಾರ್ಡ್ ತೆಗೆದು, ದವಡೆ ಸವರಿಕೊಂಡು, ‘ಏಳು’ ಅಂದ. ನನಗೆ ನಾಚಿಕೆಯಾಯಿತು, ಆಮೇಲೆ ಕೈ ತಾನಾಗಿ ಹಗುರಾಯಿತು.

ಇನ್ನೊಂದು ವಿಷಯ. ಕರಾಟೆ, ಜೂಡೊ, ಬಾಕ್ಸಿಂಗ್ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಕಲಸಿದರೆ ಯಾರಿಗೂ ಏನೂ ಕಲಿತ ಹಾಗೆ ಆಗುವುದಿಲ್ಲ. ಜಿಗೊರೊ ಕಾನೊ 1882ರಲ್ಲಿ ಕಟ್ಟಿದ ಜೂಡೊದಲ್ಲಿ ಗುದ್ದು, ಒದೆತಗಳಿಗೆ ಜಾಗ ಇರುವುದು ಕಾಟಾದಲ್ಲಿ, ಅಂದರೆ ಮೊದಲೇ ಗೊತ್ತುಪಡಿಸಿದ ಚಲನೆಗಳ ಸರಣಿಯಲ್ಲಿ, ಮಾತ್ರ. ರಂದೊರಿ ಅನ್ನುವ ಬಿಡುಬೀಸಾದ ಆಟದಲ್ಲಿ ಅವು ಇಲ್ಲ. ಹಾಗೆ ತೆಗೆದಿಟ್ಟದ್ದರಿಂದಲೇ ಉಳಿದದ್ದನ್ನು ಪೂರ್ತಿ ಶಕ್ತಿ ಹಾಕಿ ಆಡಬಹುದು. ನೀವೂ ಒಂದೊಂದನ್ನು ತೆಗೆದು ಆಡಿ. ಒಂದು ಸುತ್ತು ಎಡಗೈ ಮಾತ್ರ. ಒಂದು ಸುತ್ತು ಒಬ್ಬರು ಹೊಡೆಯುವುದು, ಇನ್ನೊಬ್ಬರು ತಪ್ಪಿಸಿಕೊಳ್ಳುವುದು. ಅಂಗೈಯಲ್ಲಿ ಹೆಗಲು ಮುಟ್ಟುವ ಆಟ ಮಕ್ಕಳಾಟ ಅನ್ನಿಸುತ್ತದೆ, ಆದರೆ ದೂರದ ಅಂದಾಜು ಬರಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎತ್ತಿ ಹಾಕುವ ಪಟ್ಟು ಆಡುವ ಮುಂಚೆ ಜೂಡೊ ಗೆಳೆಯ ಎಲ್ಲರಿಗೂ ಬೀಳುವುದನ್ನು ಕಲಿಸಲಿ: ಗದ್ದ ಎದೆಗೆ, ಕೈ ಹಿಂದಕ್ಕೆ ಊರದೆ ಮ್ಯಾಟಿಗೆ ಬಡಿಯುವುದು.

ಹೆಡ್‌ಗಾರ್ಡ್ ಇದೆ ಅಂತ ಧೈರ್ಯ ಬೇಡ. ಅದು ಚರ್ಮ ಹರಿಯುವುದನ್ನು ತಪ್ಪಿಸಬಹುದು, ಒಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ಏಟಿನ ನಂತರ ತಲೆನೋವು, ತಲೆಸುತ್ತು, ಮಂಕು, ಏನಿದ್ದರೂ ಆ ದಿನ ಮತ್ತೆ ಆಡುವ ಹಾಗಿಲ್ಲ, ಡಾಕ್ಟರಿಗೆ ತೋರಿಸಿ. ವಾಂತಿ ಮೇಲೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎಬ್ಬಿಸಲಾಗದ ನಿದ್ದೆ ಇದ್ದರೆ ತಕ್ಷಣ ಆಸ್ಪತ್ರೆ.

ಬಿಟ್ಟುಹೋದ ಹೊಸಬರಿಗೆ ಫೋನ್ ಮಾಡಿ. ವಾಪಸ್ ಬನ್ನಿ ಅನ್ನಬೇಡಿ. ಯಾವ ದಿನ, ಯಾರ ಜೊತೆ ಆಡುವಾಗ ಸಾಕು ಅನ್ನಿಸಿತು ಅಂತ ಕೇಳಿ, ಅವರ ಮಾತು ಮುಗಿಯುವವರೆಗೆ ಸಮಜಾಯಿಷಿ ಕೊಡಬೇಡಿ.

ಪ್ರಶ್ನೆ: ನಾವು ಮೂವರು ವಿಡಿಯೊ ನೋಡಿ ಜಿಯು-ಜಿಟ್ಸು ಪಟ್ಟು ಕಲಿಯುತ್ತಿದ್ದೇವೆ. ಹಿಮ್ಮಡಿ ತಿರುಚುವ ಪಟ್ಟು ಶುರು ಮಾಡಬಹುದಾ? ನೋವಾದ ತಕ್ಷಣ ಟ್ಯಾಪ್ ಮಾಡುತ್ತೇವೆ, ಅಂದರೆ ‘ಸಾಕು, ಬಿಡು’ ಅಂತ ಕೈಯಿಂದ ತಟ್ಟುತ್ತೇವೆ.

ಉತ್ತರ: ಬೇಡ. ಮೊಣಕೈ ಪಟ್ಟಿನಲ್ಲಿ ಸಾಮಾನ್ಯವಾಗಿ ಮೊದಲು ನೋವು, ಆಮೇಲೆ ಗಾಯ. ಹಿಮ್ಮಡಿ ತಿರುಚಿದರೆ ಪೆಟ್ಟು ಬೀಳುವುದು ಮಂಡಿಗೆ. ಅಲ್ಲಿ ನೋವು ಗೊತ್ತಾಗುವಷ್ಟರಲ್ಲಿ ಒಳಗಿನ ಲಿಗಮೆಂಟ್ ಹರಿದಿರಬಹುದು. ನಿಮ್ಮ ಟ್ಯಾಪ್ ತಡವಾಗಿರುತ್ತದೆ. ಎದುರಿಗೆ ನಿಂತು ತಿದ್ದುವ ಅನುಭವಸ್ಥರು ಸಿಗುವವರೆಗೆ ಅದನ್ನು ಪಕ್ಕಕ್ಕಿಡಿ.

ಕುತ್ತಿಗೆ ಹಿಡಿತದಲ್ಲೂ ಎಚ್ಚರ. ಎರಡೂ ಪಕ್ಕದ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಕೈ ಸಿಕ್ಕಿಹಾಕಿಕೊಂಡಿದ್ದರೆ ಬಾಯಲ್ಲಿ ‘ಟ್ಯಾಪ್’ ಅಂತ ಕೂಗಿ, ಕಾಲಿನಿಂದ ಮ್ಯಾಟ್ ಬಡಿಯಿರಿ. ಇಬ್ಬರು ಆಡುವಾಗ ಮೂರನೆಯವರ ಕಣ್ಣು ಕೆಳಗಿರುವವರ ಕೈಮೇಲಿರಲಿ. ಅದು ಸಡಿಲವಾದರೆ ಟ್ಯಾಪ್‌ಗೆ ಕಾಯದೆ ಬಿಡಿಸಿ.

ಪ್ರಶ್ನೆ: ಗುಂಪಿನ ಒಬ್ಬರ ತೋಳಿನ ಮೇಲೆ ಉಂಗುರದಂಥ ತುರಿಕೆ ಕಾಣಿಸಿದೆ. ಬಟ್ಟೆ ಸುತ್ತಿಕೊಂಡು ಆಡಬಹುದಾ?

ಉತ್ತರ: ಹುಳುಕಡ್ಡಿ ಇರಬಹುದು. ಇದು ಫಂಗಸ್, ಚರ್ಮಕ್ಕೆ ಚರ್ಮ ತಾಗಿದರೂ ಹರಡುತ್ತದೆ, ಮ್ಯಾಟಿನಿಂದಲೂ ಹರಡುತ್ತದೆ. ಬೆವರಿಗೆ ಬಟ್ಟೆ ಜಾರುತ್ತದೆ. ಡಾಕ್ಟರು ಸರಿ ಅನ್ನುವವರೆಗೆ ಅವರು ಸೀಟಿ ಹಿಡಿಯಲಿ. ತುರಿಕೆಗೆ ಅಂತ ಸ್ಟೀರಾಯ್ಡ್ ಇರುವ ಮುಲಾಮನ್ನು ತಾವೇ ತಂದು ಹಚ್ಚಬೇಡಿ. ತುರಿಕೆ ಇಳಿದ ಹಾಗೆ ಕಾಣುತ್ತದೆ, ಫಂಗಸ್ ಹರಡುತ್ತಲೇ ಇರುತ್ತದೆ. ಪ್ರತಿ ಸಲ ಮ್ಯಾಟ್ ಒರೆಸಿ ಒಣಗಿಸಿ, ಉಗುರು ಕತ್ತರಿಸಿ, ಆಟ ಮುಗಿದ ಕೂಡಲೇ ಸ್ನಾನ ಮಾಡಿ. ಉಳಿದ ಎಲ್ಲರೂ ಈ ವಾರ ಒಮ್ಮೆ ತಮ್ಮ ತೋಳು, ಕತ್ತು ನೋಡಿಕೊಳ್ಳಿ.