ಬಿಸಿಲಿನಿಂದ ಕತ್ತಲ ಕೋಣೆಗೆ ಬಂದಾಗ ಕೆಲಹೊತ್ತು ಏನೂ ಕಾಣುವುದಿಲ್ಲ, ಯಾಕೆ?

ಕಣ್ಣಿನ ಪಾಪೆ ಹಿಗ್ಗಲು ತಡ ಅಂತ ಹಲವರು ಹೇಳುತ್ತಾರೆ; ಅದು ಬಹುಮಟ್ಟಿಗೆ ಕೆಲವು ಸೆಕೆಂಡುಗಳಲ್ಲೇ ಆಗಿಬಿಡುತ್ತದೆ. ಅಸಲಿ ತಡ ರೆಟಿನಾದ (ಕಣ್ಣಿನ ಹಿಂಬದಿಯ, ಬೆಳಕು ಗ್ರಹಿಸುವ ಪದರ) ರಾಡ್ ಕೋಶಗಳಲ್ಲಿ, ಅಂದರೆ ಮಂದ ಬೆಳಕಲ್ಲಿ ನೋಡಲು ನೆರವಾಗುವ ಕೋಶಗಳಲ್ಲಿ, ಇರುವ ರೋಡಾಪ್ಸಿನ್ ಎಂಬ ಬೆಳಕು ಹೀರುವ ವರ್ಣಕದ್ದು.

ಬೆಳಕು ತಾಗಿದಾಗ ಅದರೊಳಗಿನ ರೆಟಿನಾಲ್ (ವಿಟಮಿನ್ ಎಯಿಂದ ಆಗುವಂಥದ್ದು) ಬಾಗಿದ ರೂಪ ಬಿಟ್ಟು ನೆಟ್ಟಗಾಗುತ್ತದೆ, ಆಮೇಲೆ ಆಪ್ಸಿನ್ ಪ್ರೋಟೀನಿನಿಂದ ಕಳಚಿಕೊಳ್ಳುತ್ತದೆ. ನೇರಳೆಗೆಂಪಾಗಿದ್ದ ವರ್ಣಕ ಬಿಳಿಚಿಕೊಳ್ಳುತ್ತದೆ. ಸುಡುಬಿಸಿಲಲ್ಲಿ ಇದ್ದುದರಲ್ಲಿ ಬಹುಪಾಲು ಹೀಗೇ ಖಾಲಿ. ಕಳಚಿದ್ದು ರೆಟಿನಾದ ಹಿಂದಿನ ಪದರಕ್ಕೆ ಹೋಗಿ, ಮತ್ತೆ ಬಾಗಿ, ವಾಪಸ್ ಬರಬೇಕು: ಅರ್ಧ ತುಂಬಲು ಸುಮಾರು 5 ನಿಮಿಷ, ಪೂರ್ತಿ ಹೊಂದಿಕೊಳ್ಳಲು 30–40 ನಿಮಿಷ. ಹಗಲಲ್ಲಿ ಬಣ್ಣ ಕಾಣಿಸುವ ಕೋನ್ ಕೋಶಗಳು 10 ನಿಮಿಷದೊಳಗೇ ಚೇತರಿಸಿಕೊಂಡರೂ ಮಬ್ಬುಗತ್ತಲಿಗೆ ಸಾಲವು. ವಿಟಮಿನ್ ಎ ತೀರಾ ಕಡಿಮೆಯಾದರೆ ಇರುಳುಗುರುಡು.

ನಕ್ಷತ್ರ ವೀಕ್ಷಕರು ಮಂದ ಕೆಂಪು ಟಾರ್ಚ್ ಬಳಸುವುದೂ ಇದಕ್ಕೇ. ರೋಡಾಪ್ಸಿನ್ 500 ನ್ಯಾನೋಮೀಟರ್ ಆಸುಪಾಸಿನ ಹಸಿರುನೀಲಿಯನ್ನು ಚೆನ್ನಾಗಿ ಹೀರುತ್ತದೆ, 640ರ ಆಚೆಯ ಕೆಂಪನ್ನು ತೀರಾ ಕಡಿಮೆ.