ಸ್ಟ್ರಾಂಗ್ ಬೀರನ್ನು ಸೆಕೆಂಡರಿಗೆ ಹಾಕಬೇಕಾ?

ನಮಸ್ಕಾರ. ನಿಮ್ಮ 20 ಲೀಟರ್ ಬಾರ್ಲಿವೈನ್ (ತುಂಬಾ ಸ್ಟ್ರಾಂಗ್ ಬೀರು) ಗ್ರಾವಿಟಿ, ಅಂದರೆ ಸಕ್ಕರೆ ಕರಗಿದಂತೆಲ್ಲ ಇಳಿಯುವ ಸಾಂದ್ರತೆ, 1.090ರಲ್ಲಿ ಶುರುವಾಗಿ, ಎರಡು ವಾರಕ್ಕೆ 1.030ಕ್ಕೆ ಇಳಿದಿದೆ. ಈಗ ಬಕೆಟ್‌ನಿಂದ ಗಾಜಿನ ಕಾರ್ಬಾಯ್‌ಗೆ (ಕಿರಿದಾದ ಕುತ್ತಿಗೆಯ ದೊಡ್ಡ ಬಾಟಲಿಗೆ) ಬಗ್ಗಿಸಲಾ, ಅಂದರೆ ಸೆಕೆಂಡರಿಗೆ ಹಾಕಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಇನ್ನೂ ಎರಡು ವಾರ ಅದರ ಪಾಡಿಗೆ ಬಿಡಿ.

ಸೆಕೆಂಡರಿ ಅಂದರೆ ಮತ್ತೊಂದು ಸಲ ಹುದುಗುವುದು ಅಂತ ಅನ್ನಿಸುತ್ತದೆ, ಅಲ್ವಾ? ಸಾಮಾನ್ಯವಾಗಿ ಅಲ್ಲಿ ಹೊಸದಾಗಿ ಏನೂ ಹುದುಗುವುದಿಲ್ಲ, ಬೀರು ತಿಳಿಯಾಗಿ ಮಾಗುತ್ತದೆ ಅಷ್ಟೇ. ಹುದುಗುವ ಕೆಲಸ ಬಕೆಟ್‌ನಲ್ಲೇ ಮುಗಿಯಬೇಕು. ಸಕ್ಕರೆ ತಿಂದ ಮೇಲೂ ಯೀಸ್ಟ್‌ಗೆ ಕೆಲಸ ಇರುತ್ತದೆ. ಹಸಿ ಸೇಬಿನ ವಾಸನೆ, ಬೆಣ್ಣೆಯಂಥ ವಾಸನೆ ಎರಡನ್ನೂ ತೆಗೆಯುವುದು ಅದೇ. ಸ್ಟ್ರಾಂಗ್ ಬೀರಿನಲ್ಲಿ ಆಲ್ಕೋಹಾಲ್ ಜಾಸ್ತಿ, ಹಾಗಾಗಿ ಯೀಸ್ಟ್ ಮೊದಲೇ ದಣಿದಿರುತ್ತದೆ. ಆಗ ಬೀರನ್ನು ಬೇರೆ ಮಾಡಿದರೆ ಬಹಳಷ್ಟು ಯೀಸ್ಟ್ ತಳದಲ್ಲೇ ಉಳಿದುಹೋಗುತ್ತದೆ.

ನಾನೂ ಹೀಗೇ ಅವಸರ ಮಾಡಿದ್ದೆ. ಹತ್ತನೇ ದಿನಕ್ಕೇ ಬಗ್ಗಿಸಿದೆ. ಇಲ್ಲಿ ಮಿಷಿಗನ್‌ನಲ್ಲಿ ಚಳಿಗಾಲಕ್ಕೆ ನಮ್ಮ ಬೇಸ್‌ಮೆಂಟ್ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಗ್ರಾವಿಟಿ 1.036ರಲ್ಲೇ ನಿಂತುಬಿಟ್ಟಿತು. ಕಾರ್ಬಾಯ್ ಮೇಲ್ಗಡೆ ನಾಲ್ಕು ಬೆರಳು ಖಾಲಿ ಇತ್ತು, ಅಲ್ಲಿದ್ದ ಗಾಳಿ ತಾಗಿ ಆರು ತಿಂಗಳಿಗೆ ನೆನೆದ ರಟ್ಟಿನ ರುಚಿ ಬಂತು. ಅಷ್ಟೂ ಬೀರನ್ನು ಚೆಲ್ಲಿದೆ. ಇವತ್ತಿಗೂ ಬೇಜಾರಿದೆ.

ತಳದ ಗಷ್ಟಿನ ಮೇಲೆ ಬಿಟ್ಟರೆ ಯೀಸ್ಟ್ ಸತ್ತು ರುಚಿ ಕೆಡುತ್ತದೆ ಅನ್ನುವ ಭಯ ದೊಡ್ಡ ಬ್ರೂವರಿಗಳಿಂದ ಬಂದದ್ದು. ಅಲ್ಲಿ ಎತ್ತರದ ಟ್ಯಾಂಕಿನ ಭಾರ, ಶಾಖ ಎರಡೂ ಯೀಸ್ಟ್ ಮೇಲೆ ಬೀಳುತ್ತದೆ. ನಮ್ಮ ಬಕೆಟ್‌ನಲ್ಲಿ ಅಷ್ಟು ಒತ್ತಡ ಇಲ್ಲ. ತಂಪಾಗಿದ್ದರೆ ಆರು ವಾರ ಇಟ್ಟರೂ ಏನೂ ಆಗುವುದಿಲ್ಲ.

ಈಗ ಬಕೆಟ್ ಅನ್ನು 20–21 ಡಿಗ್ರಿ ಇರುವ ಕೋಣೆಗೆ ತನ್ನಿ. ಮುಚ್ಚಳ ತೆಗೆಯದೆ ಮೆಲ್ಲಗೆ ಒಂದು ಸುತ್ತು ಆಡಿಸಿ. 1.022ರ ಹತ್ತಿರ ಬಂದರೆ ಸುಮಾರು 9 ಪರ್ಸೆಂಟ್ ಆಲ್ಕೋಹಾಲ್ ಆಗುತ್ತದೆ. ಮೂರು ದಿನ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇದ್ದರೆ ಮುಗಿಯಿತು ಅಂತ ಲೆಕ್ಕ. ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ, ನೀರು ತುಂಬಿದ ಬಿರಡೆ) ಗುಳ್ಳೆ ನಂಬಬೇಡಿ.

ಓಕ್ ಚಿಪ್ಸ್ ಅಥವಾ ಹಣ್ಣು ಹಾಕುವುದಿದ್ದರೆ, ಇಲ್ಲವೇ ಮೂರು ತಿಂಗಳಿಗಿಂತ ಜಾಸ್ತಿ ಮಾಗಿಸುವುದಿದ್ದರೆ ಆಮೇಲೆ ಸೆಕೆಂಡರಿ ಮಾಡಿ. ಪ್ಲಾಸ್ಟಿಕ್ ಬಕೆಟ್ ಒಳಗೆ ನಿಧಾನವಾಗಿ ಗಾಳಿ ನುಸುಳುತ್ತದೆ, ಅಷ್ಟು ದಿನಕ್ಕೆ ಗಾಜೇ ಸರಿ. ಸೈಫನ್ ಪೈಪು ಕಾರ್ಬಾಯ್ ತಳ ಮುಟ್ಟಬೇಕು, ಬೀರು ಚಿಮ್ಮಬಾರದು. ಕುತ್ತಿಗೆಯವರೆಗೆ ತುಂಬಿಸಿ. ಗಷ್ಟು ಬಿಟ್ಟು 18 ಲೀಟರ್ ಸಿಕ್ಕಿದರೆ 19 ಲೀಟರಿನದು ತುಂಬುವುದಿಲ್ಲ. ಚಿಕ್ಕ ಕಾರ್ಬಾಯ್ ತುಂಬಿಸಿ, ಉಳಿದದ್ದನ್ನು ಆಗಲೇ ಬಾಟಲಿ ಮಾಡಿ. ಏರ್‌ಲಾಕ್ ನೀರು ಆರದಂತೆ ವಾರಕ್ಕೊಮ್ಮೆ ನೋಡುತ್ತಿರಿ.

ಹೀಗೆ ಮಾಗಿದ ಮೇಲೆ ಬಾಟಲಿಗೆ ತುಂಬುವಾಗ 2–3 ಗ್ರಾಂ ಶಾಂಪೇನ್ ಯೀಸ್ಟ್ ಸೇರಿಸಿ. ಹಳೇ ಯೀಸ್ಟ್ ನಂಬಿದರೆ ಗ್ಯಾಸ್ ಬರದೇ ಹೋಗಬಹುದು. ಬಾಟಲಿ ಮಾಡುವ ಬೀರಿನ ಲೀಟರಿಗೆ ಸುಮಾರು 4.5 ಗ್ರಾಂ ಸಕ್ಕರೆ ಸಾಕು (18 ಲೀಟರಿದ್ದರೆ ಸುಮಾರು 80 ಗ್ರಾಂ).

ಮುಂದಿನ ವಾರದ ರೀಡಿಂಗ್ ಇಲ್ಲೇ ಹಾಕಿ. ಯಾವ ಯೀಸ್ಟ್, ಎಷ್ಟು ಪ್ಯಾಕೆಟ್ ಹಾಕಿದ್ದಿರಿ ಅಂತಲೂ ಬರೆಯಿರಿ. ಇಷ್ಟು ಸ್ಟ್ರಾಂಗ್ ಬೀರಿಗೆ 11.5 ಗ್ರಾಮಿನ ಒಂದೇ ಪ್ಯಾಕೆಟ್ ಹಾಕಿದ್ದರೆ, ನಿಧಾನ ಆಗುತ್ತಿರುವುದು ಅದಕ್ಕೇ ಇರಬಹುದು.