ಸ್ಪೆಕ್ಟ್ರಮ್ ಕ್ಯಾಸೆಟ್ಟಿನ ಗೇಮ್ ಬಿಬಿಸಿ ಮೈಕ್ರೋದಲ್ಲಿ ಓಡುತ್ತದೆಯೇ?

ನೀವು ಕೇಳಿದ್ದು ಇಷ್ಟು: ಅಪ್ಪನ ಹಳೇ ಟ್ರಂಕಿನಲ್ಲಿ ಆರು ಸ್ಪೆಕ್ಟ್ರಮ್ ಗೇಮ್ ಕ್ಯಾಸೆಟ್ ಸಿಕ್ಕಿವೆ, ಸ್ಪೆಕ್ಟ್ರಮ್ ಮಾತ್ರ ಇಲ್ಲ. ಪರಿಚಯದವರ ಮನೆಯಲ್ಲಿ ಇನ್ನೂ ಆನ್ ಆಗುವ ಬಿಬಿಸಿ ಮೈಕ್ರೋ ಇದೆ. ಎರಡೂ ಎಂಬತ್ತರ ದಶಕದ ಬ್ರಿಟಿಷ್ ಕಂಪ್ಯೂಟರುಗಳು, ಗೇಮ್ ತುಂಬಲು ಎರಡಕ್ಕೂ ಮಾಮೂಲಿ ಟೇಪ್ ರೆಕಾರ್ಡರ್ ಸಾಕು. ಹಾಗಾದರೆ ಇದರ ಗೇಮ್ ಅದರಲ್ಲಿ ಓಡಬೇಕಲ್ಲವೇ? ಒಂದು ಕ್ಯಾಸೆಟ್ ಮೇಲೆ ಅಪ್ಪನ ಕೈಬರಹದಲ್ಲಿ ‘ಲಗೋರಿ’ ಎಂದಿದೆ ಅಂತಲೂ ಬರೆದಿದ್ದೀರಿ.

ಇದ್ದ ಹಾಗೇ ಹಾಕಿದರೆ ಆರರಲ್ಲಿ ಒಂದೂ ಓಡುವುದಿಲ್ಲ. ಆದರೆ ‘ಲಗೋರಿ’ ನಿಮ್ಮ ಅಪ್ಪನೇ ಬರೆದ ಗೇಮ್ ಇರಬೇಕು, ಅದನ್ನು ಬಿಬಿಸಿಗೆ ತರಬಹುದು, ಮತ್ತು ನೀವು ಮೊದಲು ಕೈಹಾಕಬೇಕಾದದ್ದೂ ಅದಕ್ಕೇ. ಅಂಗಡಿಯಲ್ಲಿ ಮಾರಾಟವಾದ ಗೇಮ್‌ಗಳನ್ನು ಜಗತ್ತಿನಾದ್ಯಂತ ಜನ ಆಗಲೇ ಕಾಪಿ ಮಾಡಿ ಕಾಪಾಡಿಟ್ಟಿದ್ದಾರೆ. ನಿಮ್ಮ ಅಪ್ಪ ಬರೆದದ್ದು ಬಹುಶಃ ಆ ಟೇಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಈ ಪ್ರಶ್ನೆ ನನಗೆ ಹತ್ತಿರದ್ದು. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂದವು, ಬಸವನಗುಡಿಯ ನಮ್ಮ ಶಾಲೆಗೂ ಬಂದವು. ಮಲ್ಲೇಶ್ವರದಲ್ಲಿದ್ದ ದೊಡ್ಡಪ್ಪನ ಮಗನ ಹತ್ತಿರ ಸ್ಪೆಕ್ಟ್ರಮ್ ಇತ್ತು. ಭಾನುವಾರ ಅವನ ಮನೆಯಲ್ಲಿ ಆಡಿ, ಅವನನ್ನು ಕಾಡಿಬೇಡಿ ಒಂದು ಕ್ಯಾಸೆಟ್ ಇಸಿದುಕೊಂಡು, ಸೋಮವಾರ ಶಾಲೆಯ ಬಿಬಿಸಿಗೆ ಹಾಕಿದೆ. ಪರದೆಯ ಮೇಲೆ ‘ಸರ್ಚಿಂಗ್’ ಎಂದು ಬಂತು. ಟೇಪ್ ಕೊನೆ ಮುಟ್ಟಿತು, ಪರದೆಯಲ್ಲಿ ಇನ್ನೂ ‘ಸರ್ಚಿಂಗ್’. ಇಡೀ ಪೀರಿಯಡ್ ಅದನ್ನೇ ನೋಡುತ್ತ ಕೂತಿದ್ದೆ.

ಅಲ್ಲಿ ಆದದ್ದು ಇದು. ಟೇಪಿನಲ್ಲಿರುವುದು ಬರೀ ಶಬ್ದ. ಆ ಶಬ್ದದಲ್ಲಿ ಸೊನ್ನೆ ಯಾವುದು, ಒಂದು ಯಾವುದು ಎನ್ನುವುದನ್ನು ಒಂದೊಂದು ಕಂಪನಿ ಒಂದೊಂದು ಥರ ತೀರ್ಮಾನಿಸಿತ್ತು. ಬಿಬಿಸಿಯಲ್ಲಿ 1200 ಹರ್ಟ್ಜ್‌ನ ಒಂದು ಅಲೆ ಬಂದರೆ ಸೊನ್ನೆ, 2400 ಹರ್ಟ್ಜ್‌ನ ಎರಡು ಅಲೆ ಬಂದರೆ ಒಂದು. ಸ್ಪೆಕ್ಟ್ರಮ್ ಅಲೆಯ ಉದ್ದವನ್ನು ಅಳೆಯುತ್ತದೆ: ಗಿಡ್ಡ ಅಲೆ ಸೊನ್ನೆ, ಅದರ ಎರಡರಷ್ಟು ಉದ್ದದ್ದು ಒಂದು. ಅದಕ್ಕೂ ಮೊದಲು ಸುಮಾರು 800 ಹರ್ಟ್ಜ್‌ನ ಒಂದೇ ಸಮನೆ ‘ಪೀ’ ಸದ್ದು ಐದು ಸೆಕೆಂಡ್ ಬರುತ್ತದೆ. ಬಿಬಿಸಿ ಕಾಯುವುದು 2400ರ ಸದ್ದಿಗೆ, ಹಾಗಾಗಿ ಕಾಯುತ್ತಲೇ ಇರುತ್ತದೆ.

ಸರಿ, ಟೇಪಿನ ತೊಡಕು ಹೇಗೋ ಬಿಡಿಸಿ ಬೈಟುಗಳನ್ನು (ಆ ಸೊನ್ನೆ-ಒಂದುಗಳ ಎಂಟೆಂಟರ ಗುಂಪುಗಳನ್ನು, ಒಂದೊಂದು ಗುಂಪೂ ಒಂದು ಸಂಖ್ಯೆ) ಒಳಗೆ ಸೇರಿಸಿದಿರಿ ಅಂದುಕೊಳ್ಳೋಣ. ಸ್ಪೆಕ್ಟ್ರಮ್‌ನ ಪ್ರೊಸೆಸರ್ ಝಡ್80, ಬಿಬಿಸಿಯದು 6502. 201 ಎಂಬ ಸಂಖ್ಯೆ ಝಡ್80ಗೆ ‘ಬಂದ ಕಡೆಗೆ ವಾಪಸ್ ಹೋಗು’ ಎಂಬ ಆಜ್ಞೆ. 6502ಗೆ ಅದೇ 201 ‘ಮುಂದಿನ ಸಂಖ್ಯೆಯ ಜೊತೆ ಹೋಲಿಸಿ ನೋಡು’. ವಾಪಸ್ ಹೋಗಲು 6502ಗೆ 96 ಬೇಕು. ಬೆಂಗಳೂರಿನ ಬಸ್ ನಂಬರ್ ನೆನಪಿಟ್ಟುಕೊಂಡು ಮೈಸೂರಿನಲ್ಲಿ ಅದೇ ನಂಬರಿನ ಬಸ್ ಹತ್ತಿದರೆ ಎಲ್ಲಿಗೋ ಹೋಗಿ ಇಳಿಯುತ್ತೀರಿ. ಇಲ್ಲಿ ಪ್ರತಿ ಬೈಟಿನಲ್ಲೂ ಹಾಗೇ ಆಗುತ್ತದೆ.

‘ಬಿಬಿಸಿಗೆ ಝಡ್80 ಸೆಕೆಂಡ್ ಪ್ರೊಸೆಸರ್ ಅಂತ ಒಂದು ಡಬ್ಬಿ ಬರುತ್ತಿತ್ತಲ್ಲ, ಅದನ್ನು ಜೋಡಿಸಿದರೆ?’ ಎಂದು ಗೊತ್ತಿದ್ದವರು ಯಾರಾದರೂ ಕೇಳಬಹುದು. ನನಗೂ ಬಹಳ ದಿನ ಆ ಆಸೆ ಇತ್ತು. ಅದರಲ್ಲೂ ಓಡುವುದಿಲ್ಲ, ಏಕೆಂದರೆ ಪ್ರೊಸೆಸರ್ ಒಂದೇ ಕಂಪ್ಯೂಟರ್ ಅಲ್ಲ. ಸ್ಪೆಕ್ಟ್ರಮ್ ಗೇಮ್ ಚಿತ್ರ ಬರೆಯುವುದು ನೇರವಾಗಿ 16384ನೇ ವಿಳಾಸದಿಂದ ಶುರುವಾಗುವ 6912 ಬೈಟುಗಳ ಮೇಲೆ. ಅಲ್ಲಿ ಪರದೆ ಇದೆ ಎಂದು ನಂಬಿಯೇ ಅದನ್ನು ಬರೆದಿರುತ್ತಾರೆ. ಸೆಕೆಂಡ್ ಪ್ರೊಸೆಸರ್‌ನಲ್ಲಿ ಆ ಜಾಗ ಬರೀ ಮೆಮೊರಿ. ಗೇಮ್ ಅಲ್ಲಿ ಚಿತ್ರ ಬರೆಯುತ್ತಲೇ ಇರುತ್ತದೆ, ನೋಡಲು ಪರದೆಯೇ ಇಲ್ಲ. ಝಡ್80 ಇದ್ದ ಎಂಎಸ್‌ಎಕ್ಸ್ ಕಂಪ್ಯೂಟರುಗಳಿಗೂ ಇದೇ ಕಷ್ಟ ಬಂತು. ಅವುಗಳಲ್ಲಿ ಚಿತ್ರದ ಮೆಮೊರಿ ಬೇರೆ ಚಿಪ್ಪಿನ ಹಿಂದೆ, ಇರುಕು ದಾರಿಯಲ್ಲಿ ಒಂದೊಂದೇ ಬೈಟ್ ದಾಟಿಸಬೇಕು. ಹಾಗಾಗಿ ಸ್ಪೆಕ್ಟ್ರಮ್‌ನಿಂದ ಅವಸರದಲ್ಲಿ ತಂದ ಎಷ್ಟೋ ಗೇಮ್‌ಗಳು ಅಲ್ಲಿ ಕುಂಟುತ್ತ ಓಡಿದವು.

ದೊಡ್ಡ ಗೇಮ್‌ಗಳಂತೂ ಒಂದು ಯಂತ್ರದ ಮೂಳೆ ಮಾಂಸಕ್ಕೇ ಅಂಟಿಕೊಂಡಿರುತ್ತಿದ್ದವು. 1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಬಿಬಿಸಿಗೆ ಬರೆದ ‘ಎಲೀಟ್’ ನೋಡಿ. ಚಿತ್ರ ಎಷ್ಟು ನವಿರು, ಬಣ್ಣ ಎಷ್ಟು ಎಂದು ತೀರ್ಮಾನಿಸುವ ಏರ್ಪಾಟಿಗೆ ಬಿಬಿಸಿಯಲ್ಲಿ ‘ಮೋಡ್’ ಎನ್ನುತ್ತಾರೆ. ಪರದೆಯ ಮೇಲ್ಭಾಗ ಒಂದು ಮೋಡ್, ಕೆಳಭಾಗ ಇನ್ನೊಂದು ಮೋಡ್. ಟಿವಿಯ ಕಿರಣ ಅರ್ಧ ದಾರಿ ಬಂದಿರುವಾಗಲೇ ಮೋಡ್ ಬದಲಿಸುತ್ತಿದ್ದರು, ಸೆಕೆಂಡಿಗೆ 50 ಸಲ. ಮೇಲೆ ನವಿರಾದ ಗೆರೆಗಳು, ಕೆಳಗೆ ಬಣ್ಣದ ಡ್ಯಾಶ್‌ಬೋರ್ಡ್. ಇಂಥದ್ದನ್ನು ‘ಕಾಪಿ’ ಮಾಡಲಾಗದು. 1985ರಲ್ಲಿ ಸ್ಪೆಕ್ಟ್ರಮ್‌ಗೆ ಬಂದ ‘ಎಲೀಟ್’ ಬೇರೆಯವರು ಝಡ್80ಗಾಗಿ ಹೊಸದಾಗಿ ಬರೆದದ್ದು.

ಈಗ ‘ಲಗೋರಿ’ಗೆ ಬರೋಣ. ಮನೆಯಲ್ಲಿ ಬರೆದ ಗೇಮ್ ಎಂದರೆ ಬಹುತೇಕ ಬೇಸಿಕ್‌ನಲ್ಲೇ ಇರುತ್ತದೆ, ಆ ಪ್ರೋಗ್ರಾಮಿಂಗ್ ಭಾಷೆ ಎರಡೂ ಯಂತ್ರಗಳಲ್ಲಿದೆ. ಹಾಗೆಂದು ಬೈಟುಗಳನ್ನು ಸಾಗಿಸಲು ಹೋಗಬೇಡಿ. ಸ್ಪೆಕ್ಟ್ರಮ್ ಮೆಮೊರಿಯಲ್ಲಿ ‘ಪ್ರಿಂಟ್’ ಎಂಬ ಪದ 245 ಎಂಬ ಒಂದೇ ಸಂಖ್ಯೆಯಾಗಿ ಕೂತಿರುತ್ತದೆ. ಬಿಬಿಸಿಯಲ್ಲಿ 245 ಎಂದರೆ ‘ರಿಪೀಟ್’. ಪ್ರೋಗ್ರಾಮಿನ ಪಟ್ಟಿಯನ್ನು ಕಣ್ಣಿನಿಂದ ಓದಿ ಕೈಯಿಂದ ಟೈಪ್ ಮಾಡಬೇಕು, ಸಾಲು ಸಾಲಾಗಿ.

ಆ ಭಾನುವಾರದ ನಂತರ ನಾನು ಮಾಡಿದ್ದೂ ಅದನ್ನೇ. ಅಣ್ಣ ಬರೆದಿದ್ದ ಗಾಳಿಪಟದ ಗೇಮನ್ನು ಚೌಕದ ಗೆರೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಶಾಲೆಗೆ ಒಯ್ದೆ. ಮೊದಲ ಪೆಟ್ಟು: ಸ್ಪೆಕ್ಟ್ರಮ್‌ನಲ್ಲಿ ‘ಪ್ರಿಂಟ್ ಅಟ್ 10,5’ ಎಂದರೆ 10ನೇ ಸಾಲು, 5ನೇ ಕಾಲಂ. ಬಿಬಿಸಿಯಲ್ಲಿ ‘ಪ್ರಿಂಟ್ ಟ್ಯಾಬ್(5,10)’ ಎನ್ನಬೇಕು, ಮೊದಲು ಕಾಲಂ, ಆಮೇಲೆ ಸಾಲು. ಅದು ತಿಳಿಯದೆ ನನ್ನ ಗಾಳಿಪಟ ಮೇಲೇರುವ ಬದಲು ಅಡ್ಡಡ್ಡ ಹಾರಿತು. ಎರಡನೆಯದು: ಸ್ಪೆಕ್ಟ್ರಮ್‌ನ ‘ಡ್ರಾ’ ನಿಂತ ಜಾಗದಿಂದ ಇಷ್ಟು ದೂರ ಎನ್ನುತ್ತದೆ, ಬಿಬಿಸಿಯ ‘ಡ್ರಾ’ ಪರದೆಯ ಇಂಥ ಬಿಂದುವಿಗೇ ಹೋಗು ಎನ್ನುತ್ತದೆ. ಬಿಬಿಸಿಯಲ್ಲಿ ಸ್ಪೆಕ್ಟ್ರಮ್ ಥರ ಬೇಕಿದ್ದರೆ ‘ಪ್ಲಾಟ್ 1’ ಬಳಸಿ. ಆರು ಮುಖದ ದಾಳ ಉರುಳಿಸಲು ಅಲ್ಲಿ ‘ಇಂಟ್(ಆರ್‌ಎನ್‌ಡಿ*6)+1’, ಇಲ್ಲಿ ಬರೀ ‘ಆರ್‌ಎನ್‌ಡಿ(6)’. ಅಲ್ಲಿಯ ‘ಪಾಝ್ 50’ಕ್ಕೆ ಇಲ್ಲಿ ‘ಇನ್‌ಕೀ(100)’. ಎರಡೂ ಒಂದು ಸೆಕೆಂಡ್ ಕಾಯುತ್ತವೆ, ನಡುವೆ ಯಾವುದಾದರೂ ಕೀ ಒತ್ತಿದರೆ ಎರಡೂ ಕಾಯುವುದು ಬಿಡುತ್ತವೆ. ಕಾಯಿಸಲೆಂದು ಬರೀ ‘ಫಾರ್–ನೆಕ್ಸ್ಟ್’ ಸುತ್ತಿಸಿದ ಸಾಲುಗಳಿದ್ದರೆ ಹುಷಾರು, ಬಿಬಿಸಿಯ ಬೇಸಿಕ್ ತುಂಬಾ ಚುರುಕು, ಕಲ್ಲು ಜೋಡಿಸುವ ಮೊದಲೇ ಚೆಂಡು ಬಂದುಬಿಡುತ್ತದೆ.

ಇಷ್ಟೆಲ್ಲ ಬದಲಾದ ಮೇಲೂ ಒಂದು ವಸ್ತು ಮಾತ್ರ ಒಂದು ಅಂಕಿಯೂ ಬದಲಾಗದೆ ಬಂತು. ಅಣ್ಣ ಗಾಳಿಪಟವನ್ನು ಎಂಟು ಅಡ್ಡ, ಎಂಟು ಉದ್ದದ ಚೌಕಗಳಲ್ಲಿ ಬರೆದಿದ್ದ. ತುಂಬಿದ ಚೌಕ ಒಂದು, ಖಾಲಿ ಚೌಕ ಸೊನ್ನೆ. ಸಾಲಿಗೊಂದು ಸಂಖ್ಯೆ, ಒಟ್ಟು ಎಂಟು: 24, 60, 126, 255, 126, 60, 24, 8. ಕೊನೆಯ 8 ಬಾಲಂಗೋಚಿ. ಸ್ಪೆಕ್ಟ್ರಮ್‌ನಲ್ಲಿ ಇವನ್ನು ‘ಪೋಕ್ ಯುಎಸ್‌ಆರ್’ ಎಂದು ಒಂದೊಂದಾಗಿ ತುಂಬಬೇಕು. ಬಿಬಿಸಿಯಲ್ಲಿ ‘ವಿಡಿಯು 23,224’ ಎಂದು ಬರೆದು ಅವೇ ಎಂಟು ಸಂಖ್ಯೆ. ಟೈಪ್ ಮಾಡಿ, 224ನೇ ಅಕ್ಷರ ಪ್ರಿಂಟ್ ಮಾಡಿದೆ. ಗಾಳಿಪಟ ಕಾಣಲಿಲ್ಲ. ಆನ್ ಮಾಡಿದಾಗ ಬಿಬಿಸಿ ಇರುವುದು ಮೋಡ್ 7ರಲ್ಲಿ, ಅಲ್ಲಿ ನಮ್ಮ ಅಕ್ಷರ ನಡೆಯುವುದಿಲ್ಲ ಎಂದು ಮೇಷ್ಟ್ರು ಹೇಳಿ, ‘ಮೋಡ್ 4’ ಎಂದು ಹೊಡೆಯಲು ಹೇಳಿದರು. ಹೊಡೆದು ಮತ್ತೆ ಪ್ರಿಂಟ್ ಮಾಡಿದೆ. ಮಲ್ಲೇಶ್ವರದ ಗಾಳಿಪಟ ಬಸವನಗುಡಿಯ ಪರದೆಯ ಮೇಲೆ, ಬಾಲಂಗೋಚಿ ಸಮೇತ. ಆ ಎಂಟು ಸಂಖ್ಯೆ ಇವತ್ತಿಗೂ ನನಗೆ ಬಾಯಿಪಾಠ. ನಿಮ್ಮ ಅಪ್ಪನ ಪಟ್ಟಿಯಲ್ಲೂ ‘ಡೇಟಾ’ ಸಾಲುಗಳಲ್ಲಿ ಇಂಥ ಎಂಟೆಂಟು ಸಂಖ್ಯೆಗಳ ಗುಂಪು ಇದ್ದರೆ ಅವು ಅವರು ಬರೆದ ಚಿತ್ರಗಳು. ಮುಟ್ಟದೆ ಹಾಗೇ ತನ್ನಿ.

ನಿಮಗೂ ನಾನು ಮೋಡ್ 4 ಎಂದೇ ಹೇಳುತ್ತೇನೆ. ಬಣ್ಣದ ಆಸೆಗೆ ಮೋಡ್ 1 ಆರಿಸಿದರೆ ಇರುವ 32 ಕೆಬಿಯಲ್ಲಿ 20 ಪರದೆಗೇ ಹೋಗುತ್ತದೆ, ಯಂತ್ರ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವುದನ್ನೂ ಕಳೆದರೆ, ಡಿಸ್ಕ್ ಇಲ್ಲದೆ ಬರೀ ಟೇಪ್ ಬಳಸಿದರೂ ಪ್ರೋಗ್ರಾಮಿಗೆ ಉಳಿಯುವುದು ಎಂಟೂವರೆ. ಮೋಡ್ 4ರಲ್ಲಿ ಎರಡೇ ಬಣ್ಣ, ಆದರೆ ಪರದೆಗೆ 10 ಕೆಬಿ ಸಾಕು.

ಈ ತಾಪತ್ರಯ ಆಗಲೇ ಕೆಲವರಿಗೆ ಅರ್ಥವಾಗಿತ್ತು. ನೆದರ್ಲೆಂಡ್ಸ್‌ನ ರೇಡಿಯೊದವರು ‘ಬೇಸಿಕೋಡ್’ ಎಂಬ ಒಪ್ಪಂದ ಮಾಡಿಕೊಂಡು ಪ್ರೋಗ್ರಾಮುಗಳನ್ನು ಗಾಳಿಯಲ್ಲೇ ಬಿತ್ತರಿಸುತ್ತಿದ್ದರು. 1000ಕ್ಕಿಂತ ಕೆಳಗಿನ ಸಾಲುಗಳನ್ನು ಆಯಾ ಯಂತ್ರದವರು ತಮಗೆ ತಕ್ಕಂತೆ ತುಂಬಿಕೊಳ್ಳಬೇಕು, ಗೇಮ್ ಶುರುವಾಗುವುದು 1000ದಿಂದ. ಪರದೆ ಅಳಿಸಲು ಎಲ್ಲ ಯಂತ್ರದಲ್ಲೂ ‘ಗೋಸಬ್ 100’. ಅಮೆರಿಕದ ಇನ್ಫೋಕಾಮ್‌ನವರು ಇನ್ನೂ ಮುಂದೆ ಹೋಗಿ, 1979ರಲ್ಲಿ ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಕಂಪ್ಯೂಟರನ್ನೇ ರೂಪಿಸಿದರು. ಮನೆ ಕಂಪ್ಯೂಟರುಗಳಿಗೆ ತಂದ ‘ಝೋರ್ಕ್’ ಎಂಬ ಕಥೆಯ ಗೇಮನ್ನು ಬರೆದದ್ದು ಆ ಕಂಪ್ಯೂಟರಿಗೆ. ನಿಜವಾದ ಯಂತ್ರ ಒಂದೊಂದಕ್ಕೂ ಒಬ್ಬ ದುಭಾಷಿಯಂಥ ಚಿಕ್ಕ ಪ್ರೋಗ್ರಾಮ್ ಬರೆದರೆ ಸಾಕಿತ್ತು. ಆ ಕಥೆಯ ಫೈಲು ಇವತ್ತು ಫೋನಿನಲ್ಲೂ ತೆರೆಯುತ್ತದೆ. ‘ಲಗೋರಿ’ಯನ್ನು ಬರೆಯುವಾಗ ನೀವೂ ಈ ಬುದ್ಧಿ ಅನುಸರಿಸಿ: ಪರದೆ, ಕೀ, ಸದ್ದಿನ ಕೆಲಸಗಳನ್ನು ಬೇರೆ ‘ಪ್ರಾಕ್’ಗಳಲ್ಲಿಟ್ಟು (ಬಿಬಿಸಿ ಬೇಸಿಕ್‌ನಲ್ಲಿ ಹೆಸರಿಟ್ಟು ಕರೆಯುವ ಪ್ರೋಗ್ರಾಮಿನ ತುಂಡುಗಳು), ಆಟದ ನಿಯಮಗಳನ್ನು ಅಪ್ಪ ಬರೆದ ಕ್ರಮದಲ್ಲೇ ಬಿಡಿ.

ಆದರೆ ಇದೆಲ್ಲ ಆಮೇಲಿನ ಮಾತು. ಮೊದಲು ಟೇಪ್ ಉಳಿಯಬೇಕು. ನಮ್ಮೂರ ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ; ಹಿಡಿದಿದ್ದರೆ ಪ್ಲೇಯರಿಗೆ ಹಾಕಲೇಬೇಡಿ, ಟೇಪ್ ಸ್ವಚ್ಛ ಮಾಡಲು ಬಲ್ಲವರಿಗೆ ಕೊಡಿ. ಚೆನ್ನಾಗಿದ್ದರೆ ಒಂದು ಹಳೇ ಟೂ-ಇನ್-ಒನ್ ಹುಡುಕಿ. ಅದರ ಬೆಲ್ಟ್ ಸಡಿಲವಾಗಿದ್ದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ, ಟೇಪ್ ಓದುವ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಹೆಡ್ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಸದ್ದು ಎಲ್ಲಿ ಅತ್ಯಂತ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಇದನ್ನು ಬೇರೆ ಯಾವುದಾದರೂ ಹಾಡಿನ ಕ್ಯಾಸೆಟ್ ಮೇಲೆ ಅಭ್ಯಾಸ ಮಾಡಿಕೊಂಡೇ ಮಾಡಿ. ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು ವೇವ್ ಫೈಲಾಗಿ ರೆಕಾರ್ಡ್ ಮಾಡಿ; ಎಂಪಿ3 ಬೇಡ, ಅದು ಅಲೆಯ ಅಂಚನ್ನೇ ಸವೆಸುತ್ತದೆ. 48 ಕೆಬಿ ತುಂಬಿದ ಗೇಮ್ ಆದರೂ ಐದು ನಿಮಿಷದೊಳಗೆ ಮುಗಿಯುತ್ತದೆ.

ಆ ಫೈಲನ್ನು ‘ಫ್ಯೂಸ್’ ಎಂಬ ಉಚಿತ ಎಮ್ಯುಲೇಟರಿಗೆ ಕೊಡಿ. ಅದು ಸ್ಪೆಕ್ಟ್ರಮ್‌ನ ಝಡ್80, ಪರದೆ, ಟೇಪ್ ಎಲ್ಲವನ್ನೂ ನಿಮ್ಮ ಲ್ಯಾಪ್‌ಟಾಪಿನೊಳಗೆ ನಟಿಸುತ್ತದೆ. ಆರೂ ಗೇಮ್ ಅಲ್ಲೇ ಆಡಬಹುದು. ‘ಲಗೋರಿ’ ಲೋಡ್ ಆದ ಮೇಲೆ ನಿಲ್ಲಿಸಿ ‘ಲಿಸ್ಟ್’ ಕೊಟ್ಟರೆ ಅಪ್ಪನ ಸಾಲುಗಳು ಬರುತ್ತವೆ; ಅವನ್ನು ನೋಡಿಕೊಂಡು ಬಿಬಿಸಿಯ ಮುಂದೆ ಕೂರಿ.

ಹಾಂ, ರೆಕಾರ್ಡ್ ಮಾಡುವಾಗ ಎಲ್ಲ ಕ್ಯಾಸೆಟ್ಟುಗಳನ್ನೂ ತಿರುಗಿಸಿ ಬಿ ಸೈಡ್ ಕೇಳಿ. ಕೆಲವು ಕಂಪನಿಗಳು ಒಂದು ಬದಿಗೆ ಒಂದು ಕಂಪ್ಯೂಟರಿನ ಗೇಮ್, ಇನ್ನೊಂದು ಬದಿಗೆ ಬೇರೆ ಕಂಪ್ಯೂಟರಿಗೆಂದು ಬರೆದ ಅದೇ ಗೇಮ್ ಹಾಕುತ್ತಿದ್ದವು. ದಪ್ಪನೆಯ ‘ಪೀ’ ಬಂದರೆ ಸ್ಪೆಕ್ಟ್ರಮ್. ಕೀರಲು ಸದ್ದು ಬಂದು, ನಡುನಡುವೆ ತುಂಡಾಗಿ ಮತ್ತೆ ಶುರುವಾಗುತ್ತಿದ್ದರೆ ಅದನ್ನು ಎತ್ತಿಕೊಂಡು ನೇರ ಆ ಬಿಬಿಸಿ ಇರುವ ಮನೆಗೆ ಹೋಗಿ.